ಹಿಂದೆ ಬಿದ್ದ ಹೆಬ್ಬೆಟ್ಟು ಮಿಷನ್ನಿನವರಿಗೆ, ಬಸ್ ನಿಲ್ದಾಣದ ಕಾಲು ಗಂಟೆಯ ಬಗ್ಗೆ

ನಮ್ಮ ಹಗಲು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸುವ ಘನ ಅಧಿಕಾರವುಳ್ಳ ಹೆಬ್ಬೆಟ್ಟು ಮಿಷನ್ನಿನವರಿಗೆ, ಇಸ್ತ್ರಿ ವಿಭಾಗದ ಕಿಟಕಿ ಪಕ್ಕದ ಮೇಜಿನವಳು ಎರಡೂ ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ತಮ್ಮ ಕ್ಷೇಮ ನೋಡಿಕೊಳ್ಳಲು ಇಷ್ಟು ಜನರಿರುವಾಗ ತಮಗೆ ಏನಾದೀತು? ನಾನು ತಮಗೆ ಗುರುತಿಲ್ಲದವಳೇನಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಮ್ಮ ಗಾಜಿನ ಮೇಲೆ ಹೆಬ್ಬೆರಳು ಒತ್ತುವ, ಹಬೆಯಲ್ಲಿ ಬೆರಳಿನ ಗೆರೆ ಸವೆದಿರುವುದರಿಂದ ಮೊದಲ ಸಲಕ್ಕೆ ತಮ್ಮಿಂದ 'ಮತ್ತೆ ಪ್ರಯತ್ನಿಸಿ' ಎನ್ನಿಸಿಕೊಂಡು, ಬೆರಳನ್ನು ಸೆರಗಿಗೆ ಉಜ್ಜಿ ಮತ್ತೆ ಪ್ರಯತ್ನಿಸುವ ಹೆಂಗಸು ನಾನೇ. ತಾವು ಎರಡನೆಯ ಸಲ ತಪ್ಪದೆ ನನ್ನನ್ನು ಒಪ್ಪಿಕೊಳ್ಳುತ್ತೀರಿ. ಮದುವೆಗೆ ಮೊದಲು ನನ್ನನ್ನು ನೋಡಲು ಬಂದವರಲ್ಲಿ ಇಷ್ಟು ತಾಳ್ಮೆ ಇರಲಿಲ್ಲ.

ತಮ್ಮ ಸೇವೆಯನ್ನು ನಾಲ್ಕು ಜನರ ಮುಂದೆ ಹೊಗಳದೆ ದೂರು ಹೇಳುವುದು ಮರ್ಯಾದೆಯಲ್ಲ. ನಮ್ಮದು ಆಸ್ಪತ್ರೆಗಳ, ವಸತಿಗೃಹಗಳ ಚಾದರ, ಟವೆಲ್, ದಿಂಬಿನ ಚೀಲಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಒಗೆತದ ಕಾರ್ಖಾನೆ. ಒಳಗೆ ಹಬೆ ಎಷ್ಟೆಂದರೆ ಎದುರು ಮೇಜಿನವಳು ನಕ್ಕಳೋ ಕೆಮ್ಮಿದಳೋ ತಿಳಿಯುವುದಿಲ್ಲ. ಮೊಬೈಲುಗಳಿಗೆ ಈ ಹಬೆ ತಡೆಯುವುದಿಲ್ಲವೆಂದು ನಮ್ಮವನ್ನೆಲ್ಲ ಬಾಗಿಲಲ್ಲೇ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತಾರೆ. ಮನುಷ್ಯರಿಗೆ ತಡೆಯುತ್ತದೆಯೇ ಎಂದು ಯಾರೂ ಕೇಳಿಲ್ಲವಾದ್ದರಿಂದ ನಾವೂ ಹೇಳಿಲ್ಲ. ಹೀಗಾಗಿ ಬಾಗಿಲು ದಾಟಿದ ಮೇಲೆ ಹೊತ್ತಿನ ವಿಷಯದಲ್ಲಿ ತಮ್ಮ ಮಾತೇ ಮಾತು.

ತಾವು ಬರುವ ಮೊದಲು ಇಲ್ಲಿ ಗೋಡೆ ಗಡಿಯಾರವೊಂದೇ ಇತ್ತು. ಅದು ಒಂದು ವಾರ ಮುಂದೆ ಓಡಿ, ಇನ್ನೊಂದು ವಾರ ಹಿಂದೆ ಬಿದ್ದು, ಒಮ್ಮೆ ಮಾಲೀಕರಿಗೂ ಒಮ್ಮೆ ನಮಗೂ ಅನ್ಯಾಯ ಮಾಡುತ್ತಿತ್ತು. ತಾವು ಬಂದ ಮೇಲೆ ಅನ್ಯಾಯಕ್ಕೆ ಒಂದೇ ದಿಕ್ಕು ಸಿಕ್ಕಿತು. ಇದನ್ನು ಶಿಸ್ತು ಎನ್ನದೆ ಇನ್ನೇನೆನ್ನಲಿ?

ತಾವು ಬಂದ ದಿನ ನನಗೆ ನೆನಪಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ತಮ್ಮ ದೇಹದ ಜೊತೆಗೆ ಕೂರಲು ಒಂದು ಸ್ಟ್ಯಾಂಡೂ ಬಂದಿತ್ತು. ತಂದುಕೊಟ್ಟವರು, ರಾತ್ರಿ ತಮ್ಮನ್ನು ಆ ಸ್ಟ್ಯಾಂಡಿನಲ್ಲಿ ಕೂರಿಸಿ ತಂತಿ ಚುಚ್ಚಿದರೆ ಸಾಕು, ದೊಡ್ಡ ಕಚೇರಿಯ ಗಡಿಯಾರದೊಂದಿಗೆ ತಾವೇ ಮಾತಾಡಿಕೊಂಡು ಬೆಳಗಾಗುವಷ್ಟರಲ್ಲಿ ಸರಿಯಾಗಿರುತ್ತೀರಿ ಎಂದು ಹೇಳಿ ಹೋದರು. ನಮ್ಮ ಮೇಲ್ವಿಚಾರಕಿ ಗಮನವಿಟ್ಟು ಕೇಳಿದರು. ಚಾದರಕ್ಕೆ ಹಾಕುವ ಗಂಜಿಯಷ್ಟೇ ಬಿಗಿಯಾಗಿರುವುದರಿಂದ ಅವರನ್ನು ನಾವು ಗಂಜಿ ಮೇಡಂ ಎನ್ನುತ್ತೇವೆ, ಅವರಿಗೂ ಇದು ಗೊತ್ತು. ಬೆಲೆಬಾಳುವ ಸಾಮಾನು, ಕವರ್ ತೆಗೆದರೆ ಧೂಳು ಕೂರುತ್ತದೆ ಎಂದು ಅವರು ಸ್ಟ್ಯಾಂಡನ್ನು ಪ್ಲಾಸ್ಟಿಕ್ ಸಮೇತ ಕಚೇರಿಯ ಗಾಜಿನ ಕಪಾಟಿನಲ್ಲಿಟ್ಟರು. ಬ್ಯಾಟರಿ ತುಂಬಲು ಹೇಗೂ ಬೇರೆ ತಂತಿ ಇತ್ತು.

ಉಳಿದದ್ದು ತಮ್ಮ ಆರೋಗ್ಯದ ಪ್ರಶ್ನೆ. ಒಗೆಯುವ ಮನೆಯಲ್ಲಿ ತೇವವೇ ದೊಡ್ಡ ಶತ್ರು. ಒದ್ದೆಯಾದದ್ದು ಏನೇ ಇರಲಿ, ಶಾಲಿರಲಿ, ಚಪ್ಪಲಿಯಿರಲಿ, ನಾವು ಅದನ್ನು ಬಾಯ್ಲರಿನ ಪಕ್ಕದ ಬಿಸಿ ಬೀರುವಿನೊಳಗೆ ಇಡುತ್ತೇವೆ, ಬೆಳಿಗ್ಗೆ ಗರಿಗರಿಯಾಗಿ ಸಿಗುತ್ತದೆ. ತಮಗೂ ಹಬೆ ತಾಗದಿರಲೆಂದು ಹಳೆಯ ಟವೆಲ್ಲನ್ನು ಎರಡು ಪದರ ಮಾಡಿ ಒಂದು ಅಂಗಿ ಹೊಲಿದೆವು. ಕೊರಳಿಗೆ ಗುಂಡಿಯನ್ನೂ ಹಾಕಿದೆವು. ರಾತ್ರಿ ಅಂಗಿ ತೊಡಿಸಿ ಬಿಸಿ ಬೀರುವಿನ ಮೇಲಿನ ಖಾನೆಯಲ್ಲಿ ಮಲಗಿಸಿದೆವು. ನಮ್ಮ ಮಕ್ಕಳಿಗೂ ಚಳಿಗಾಲದಲ್ಲಿ ಇಂಥ ಜಾಗ ಸಿಕ್ಕಿಲ್ಲ. ಬಿಸಿಗೆ ತಮ್ಮೊಳಗಿನ ಗಡಿಯಾರದ ನಡಿಗೆ ನಿಧಾನವಾಗುತ್ತದೆಂದು ನಮಗೆ ಆಗ ಯಾರೂ ಹೇಳಿರಲಿಲ್ಲ. ತಾವಾದರೂ ಸೆಕೆಯಾಗುತ್ತಿದೆ ಎಂದು ಒಮ್ಮೆ ಸೂಚಿಸಬಹುದಿತ್ತು. ಹೆಬ್ಬೆರಳು ಸರಿಯಿಲ್ಲದಿದ್ದರೆ ಅಷ್ಟು ಜೋರಾಗಿ ಕೂಗುವವರು ಇದೊಂದು ವಿಷಯಕ್ಕೆ ಸಂಕೋಚಪಟ್ಟಿರಿ.

ಹೀಗೆ ತಾವು ದಿನವೂ ಒಂದಿಷ್ಟು ಕ್ಷಣ ಹಿಂದೆ ಉಳಿದಿರಿ. ತಿಂಗಳುಗಳು ಕಳೆದಂತೆ ಆ ಕ್ಷಣಗಳು ಸೇರಿ ಇಪ್ಪತ್ತು ನಿಮಿಷವಾದವು. ಹೊರಗಿನ ಲೋಕದಲ್ಲಿ ಆರು ಗಂಟೆಯಾದಾಗ ತಮ್ಮ ಪರದೆಯ ಮೇಲೆ ಇನ್ನೂ ಐದು ಮುಕ್ಕಾಲೂ ಆಗಿರುವುದಿಲ್ಲ. ಬಿಡುವ ಹೊತ್ತು ಆರು; ತಾವು ಆರು ಎನ್ನುವವರೆಗೆ ಹೆಬ್ಬೆರಳು ಒತ್ತುವಂತಿಲ್ಲ, ಒತ್ತದೆ ಬಾಗಿಲು ದಾಟುವಂತಿಲ್ಲ. ಬೆಳಿಗ್ಗೆ ಅಷ್ಟೇ ಹೊತ್ತು ತಡವಾಗಿ ಬಂದರೆ ಸರಿಹೋಗುತ್ತದಲ್ಲ ಎಂದು ತಾವು ಕೇಳಬಹುದು. ನಮ್ಮ ಕಡೆಯ ಬಸ್ಸು ತಮ್ಮ ಅಧಿಕಾರಕ್ಕೆ ಒಳಪಟ್ಟಿಲ್ಲ, ಅದು ಲೋಕದ ಗಂಟೆಗೇ ಬರುತ್ತದೆ. ಹಾಗಾಗಿ ಬೆಳಿಗ್ಗೆ ಬಂದವರು ತಮಗೆ ಬೆಳಗಾಗುವವರೆಗೆ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತೇವೆ.

ತಮ್ಮನ್ನು ಯಾರೂ ಪರೀಕ್ಷಿಸಲಿಲ್ಲವೆಂದು ಮಾತ್ರ ಯಾರೂ ಆಡಿಕೊಳ್ಳಬಾರದು. ವಾರದ ಮೊದಲ ದಿನ ಗೋಡೆ ಗಡಿಯಾರವನ್ನು ತಮ್ಮನ್ನು ನೋಡಿ ಸರಿಮಾಡುತ್ತಾರೆ. ಆಮೇಲೆ ಗಂಜಿ ಮೇಡಂ ಮುಂಗೈಯ ಕೈಗಡಿಯಾರವನ್ನು ಗೋಡೆ ಗಡಿಯಾರ ನೋಡಿ ತಿರುಗಿಸಿಕೊಳ್ಳುತ್ತಾರೆ. ಕೊನೆಗೆ ಆ ಕೈಗಡಿಯಾರವನ್ನು ತಮ್ಮ ಪಕ್ಕದಲ್ಲಿ ಹಿಡಿದು, ತಾವು ಸರಿಯಿದ್ದೀರೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಇಲ್ಲಿಯವರೆಗೆ ಒಂದು ವಾರವೂ ತಾವು ತಪ್ಪಿಲ್ಲ.

ಇದನ್ನೆಲ್ಲ ನಾವು ನಗುತ್ತಲೇ ತೆಗೆದುಕೊಂಡಿದ್ದೆವು. ನಮ್ಮಲ್ಲಿ ಚಾದರ ಮಡಿಸುವ ಹಿರಿಯಕ್ಕ ಒಬ್ಬರಿದ್ದಾರೆ. "ಬಿಡ್ರೇ, ಸಾಯೋದಾದ್ರೂ ಇಲ್ಲೇ ಸಾಯೋಣ, ಇಪ್ಪತ್ತು ನಿಮಿಷ ಜಾಸ್ತಿ ಬದುಕ್ಬಹುದು" ಎಂದು ಅವರು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ನಗು ಏಕೆ ನಿಂತಿತು ಎಂಬುದೇ ಈ ಪತ್ರದ ವಿಷಯ.

ಮಾನ್ಯರೇ, ನನ್ನ ಗಂಡನಿಗೆ ರಾತ್ರಿಯ ಕೆಲಸ. ಹಣ್ಣು ತರಕಾರಿ ಇಡುವ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾರೆ. ನಾನು ಹಗಲೆಲ್ಲ ಬೇಯುತ್ತೇನೆ, ಅವರು ರಾತ್ರಿಯೆಲ್ಲ ಹೆಪ್ಪುಗಟ್ಟುತ್ತಾರೆ. ನಾನು ಹೊರಡುವಾಗ ಅವರಿನ್ನೂ ಬಂದಿರುವುದಿಲ್ಲ. ಅವರು ಬರುವವರೆಗೆ ಪಕ್ಕದ ಮನೆಯವರು ಮಗುವನ್ನು ನೋಡಿಕೊಳ್ಳುತ್ತಾರೆ. ಹಗಲು ನನ್ನ ಗಂಡ ಅರೆನಿದ್ದೆಯಲ್ಲಿ ಮಗಳನ್ನು ಆಡಿಸುತ್ತಾರೆ. ಸಂಜೆ ಅವಳನ್ನು ಎತ್ತಿಕೊಂಡು ಕಾರ್ಖಾನೆಯ ಹತ್ತಿರದ ಬಸ್ ನಿಲ್ದಾಣಕ್ಕೆ ಬಂದು ನನ್ನ ಕೈಗೆ ಕೊಟ್ಟು, ಗೋದಾಮಿನ ಬಸ್ಸು ಹತ್ತುತ್ತಾರೆ. ನಾನು ಸರಿಯಾದ ಹೊತ್ತಿಗೆ ಬಿಟ್ಟರೆ ಅವರ ಬಸ್ಸು ಬರಲು ಕಾಲು ಗಂಟೆ ಇರುತ್ತಿತ್ತು. ನಮ್ಮ ಸಂಸಾರ ನಡೆಯುತ್ತಿದ್ದದ್ದು ಆ ಕಾಲು ಗಂಟೆಯಲ್ಲಿ. ಮನೆ ಬಾಡಿಗೆ, ಮಗುವಿನ ಕೆಮ್ಮು, ಅತ್ತೆ ಫೋನಿನಲ್ಲಿ ಹೇಳಿದ ಮಾತು, ನಾನು ಅದಕ್ಕೆ ಹೇಳಬೇಕಾಗಿದ್ದ ಮಾತು, ಎಲ್ಲವೂ ಆ ಕಲ್ಲು ಬೆಂಚಿನ ಮೇಲೆ. ಜಗಳವಾಡಿದರೂ ಅಷ್ಟರೊಳಗೆ ಮುಗಿಸಿ ರಾಜಿಯಾಗಬೇಕಿತ್ತು, ಇಲ್ಲದಿದ್ದರೆ ಒಂದು ದಿನವಿಡೀ ಹೊತ್ತುಕೊಂಡು ತಿರುಗಬೇಕು. ನಮ್ಮಷ್ಟು ಬೇಗ ರಾಜಿಯಾಗುವ ಗಂಡಹೆಂಡತಿ ಬೇರೆ ಇರಲಿಲ್ಲ.

ತಾವು ಆ ಕಾಲು ಗಂಟೆಯನ್ನು ಒಂದೇ ಸಲ ತೆಗೆದುಕೊಳ್ಳಲಿಲ್ಲ, ಅಷ್ಟು ಒರಟುತನ ತಮ್ಮಲ್ಲಿಲ್ಲ. ಮೊದಲು ಇಬ್ಬರೂ ಒಂದು ಲೋಟದಲ್ಲಿ ಹಂಚಿಕೊಳ್ಳುತ್ತಿದ್ದ ಚಹಾ ಹೋಯಿತು. ಆಮೇಲೆ ಕೂರುವುದು ಹೋಯಿತು. ಆಮೇಲೆ ಜಗಳ ಉಳಿದು ರಾಜಿ ಹೋಯಿತು. ಬರಬರುತ್ತಾ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವರು ಮಗುವನ್ನು ಚಾಚುವುದು, ಓಡಿಬಂದ ನಾನು ಹಿಡಿಯುವುದು, ಅಷ್ಟೇ ಉಳಿಯಿತು. ಒಂದು ಸಂಜೆ ನಾನು ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು, ಮಗುವಿನೊಂದಿಗೆ ಅವರು ನಿಂತೇ ಇದ್ದರು. ಮುಂದಿನ ಬಸ್ಸು ಹಿಡಿದು ಹೋದವರು ಗೋದಾಮಿನ ಸೈರನ್ ಕೂಗಿದ ಮೇಲೆ ಮುಟ್ಟಿದರು. ಹೀಗೇ ಮತ್ತೊಮ್ಮೆ ಆಯಿತು. ಇನ್ನೊಂದು ಸಲ ಸೈರನ್ ಆದ ಮೇಲೆ ಬಂದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಅಲ್ಲಿಯ ಮೇಸ್ತ್ರಿ ಅವರಿಗೆ ತಿಳಿಸಿದರು. ಸಿಟ್ಟಿನಿಂದ ಹೇಳಲಿಲ್ಲವಂತೆ. ಸಿಟ್ಟಿಲ್ಲದೆ ಹೇಳಿದ್ದರಿಂದಲೇ ಅವರಿಗೆ ಭಯವಾಯಿತಂತೆ.

ಅಂದಿನಿಂದ ಮಗಳನ್ನು ನಿಲ್ದಾಣದ ಪಕ್ಕ ಕೊಡೆಯ ಕೆಳಗೆ ಕೂತು ಬೀಗ ರಿಪೇರಿ ಮಾಡುವ ತಾತನ ಹತ್ತಿರ ಬಿಟ್ಟು ಹೋಗಬೇಕಾಯಿತು. ಒಳ್ಳೆಯವರು. ಅವರಿಗೂ ನಮಗೂ ನೆಂಟಸ್ತಿಕೆ ಏನೂ ಇಲ್ಲ, ಒಮ್ಮೆ ನಮ್ಮ ಮನೆಯ ಬೀಗ ತೆಗೆದುಕೊಟ್ಟಿದ್ದರು ಅಷ್ಟೇ. ನಾನು ಏದುಸಿರು ಬಿಡುತ್ತಾ ಬಂದರೆ ಎರಡು ವರ್ಷದ ಮಗಳು ಬೀಗದಕೈಗಳ ಗೊಂಚಲು ಕೊರಳಿಗೆ ಹಾಕಿಕೊಂಡು ಡಬ್ಬದ ಮೇಲೆ ಕೂತಿರುತ್ತಿದ್ದಳು. "ತಗೊಳಮ್ಮ ನಿನ್ನ ಆಸ್ತಿ" ಎನ್ನುತ್ತಿದ್ದರು ತಾತ. "ಇನ್ನೊಂದು ತಿಂಗಳು ಹೀಗೇ ಬಿಟ್ರೆ ನಾನು ಮನೆಗೆ ಹೋಗ್ಬೇಕು, ಅಂಗಡಿ ಇವಳೇ ನೋಡ್ಕೋತಾಳೆ." ನಾನು ನಗಬೇಕಾಗುತ್ತಿತ್ತು. ನಗುವಾಗಲೂ ರಸ್ತೆಯ ಬಸ್ಸುಗಳು ಆ ಡಬ್ಬಕ್ಕೆ ಎಷ್ಟು ಹತ್ತಿರ ತಿರುಗುತ್ತವೆಂದು ಲೆಕ್ಕ ಹಾಕುತ್ತಿದ್ದೆ.

ನಾನು ಬಾಯಿ ಬಿಡಲಿಲ್ಲವೆಂದಲ್ಲ. ಧೈರ್ಯ ಮಾಡಿ ಗಂಜಿ ಮೇಡಂ ಹತ್ತಿರ ಹೋಗಿ, ಮಿಷನ್ನು ಸ್ವಲ್ಪ ಹಿಂದಿದೆಯೇನೋ ಎಂದೆ. ಅವರು ಗದರಲಿಲ್ಲ. ನನ್ನನ್ನು ಗೋಡೆ ಗಡಿಯಾರದ ಮುಂದೆ ನಿಲ್ಲಿಸಿ, ಮುಂಗೈಯ ಕೈಗಡಿಯಾರ ತೋರಿಸಿ, ತಮ್ಮನ್ನೂ ಅಂಗಿಯಿಂದ ಹೊರತೆಗೆದು ಪಕ್ಕದಲ್ಲಿಟ್ಟು, "ನೋಡಮ್ಮಾ, ಮೂರೂ ಒಂದೇ ಹೇಳ್ತಿವೆ. ಮೂರಕ್ಕೂ ನಿನ್ನ ಮೇಲೆ ಏನಮ್ಮಾ ದ್ವೇಷ?" ಎಂದರು. ನಾನು ಮೇಜಿಗೆ ಮರಳಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೆ.

ಮಾರನೆಯ ದಿನ ಬೀಗದ ತಾತನ ಕೈಗಡಿಯಾರವನ್ನು ಸಾಕ್ಷಿಗೆಂದು ಕೇಳಿ ಇಸಿದುಕೊಂಡು ಕಟ್ಟಿಕೊಂಡು ಹೋದೆ. ಗಂಜಿ ಮೇಡಂ ಅದನ್ನು ಬಹಳ ಹೊತ್ತು ನೋಡಿ, ಪಾಪ ಇದು ಕೆಟ್ಟಿದೆ ಎಂದು ಕನಿಕರಪಟ್ಟು, ಸ್ವತಃ ಮುಳ್ಳು ತಿರುಗಿಸಿ ಇಪ್ಪತ್ತು ನಿಮಿಷ ಹಿಂದೆ ಮಾಡಿ ಕೊಟ್ಟರು. ಸಂಜೆ ಮಗು ಹಟ ಹಿಡಿದ ಗಡಿಬಿಡಿಯಲ್ಲಿ ನಾನು ಗಡಿಯಾರವನ್ನು ಹಾಗೆಯೇ ತಾತನಿಗೆ ಮರಳಿಸಿದೆ. ಅದನ್ನು ನಂಬಿ ಅವರು ಅಂಗಡಿ ಎತ್ತುವಷ್ಟರಲ್ಲಿ ಅವರ ಬಸ್ಸೂ ಹೋಗಿತ್ತು. ನಡೆದುಕೊಂಡೇ ಮನೆ ಸೇರಿದವರನ್ನು ಅವರ ಹೆಂಡತಿ, ಈ ವಯಸ್ಸಿನಲ್ಲಿ ಎಲ್ಲಿ ಸುತ್ತುತ್ತೀರಿ ಎಂದು ಕೇಳಿದರಂತೆ. ತಮ್ಮ ಅಧಿಕಾರ ಕಾರ್ಖಾನೆಯ ಗೋಡೆ ದಾಟಿ ಫುಟ್‌ಪಾತಿನವರೆಗೂ ಹಬ್ಬಿದ್ದನ್ನು ಕಂಡು ನಾನು ದೂರು ಹೇಳುವುದನ್ನು ನಿಲ್ಲಿಸಿದೆ.

ಮನೆಯಲ್ಲಿ ತೀರ್ಮಾನದ ಹೊತ್ತು ಬಂದಿತ್ತು. ಮನೆಯಲ್ಲಿ ಎಂದರೆ ಫೋನಿನಲ್ಲಿ. ಗೋದಾಮಿನಲ್ಲಿ ಊಟಕ್ಕೆ ಬಿಟ್ಟಾಗ ನನ್ನ ಗಂಡ ಫೋನ್ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು, ಬಿಟ್ಟರೆ ಬಾಡಿಗೆ ನಿಲ್ಲುತ್ತದೆ, ಬಿಡದಿದ್ದರೆ ಮಗು ರಸ್ತೆಯಲ್ಲಿ ನಿಲ್ಲುತ್ತದೆ. "ನೀನು ಬಿಡು ಅಂತ ನಾನು ಹೇಳಲ್ಲ" ಎಂದರು ಅವರು. "ನೀವು ಬಿಡಿ ಅಂತ ನಾನೂ ಹೇಳಲ್ಲರೀ" ಎಂದೆ ನಾನು. ಇಬ್ಬರೂ ಹೇಳದೆ ಇದ್ದದ್ದರ ಹಿಂದೆ ಅವರ ಕಡೆಯ ತಣ್ಣನೆಯ ಗಾಳಿಯ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಒಂದು ವಿಶೇಷ ನಡೆಯಿತು. ಕೊಳೆ ಚಾದರ ತರುವ ನಮ್ಮ ವ್ಯಾನಿನ ಡ್ರೈವರಣ್ಣ, ದೊಡ್ಡ ಕಚೇರಿಯಿಂದ ಹೊರಡುವಾಗ ಅಲ್ಲಿಯ ಗಡಿಯಾರದಿಂದ ಒಂದು ಚೀಟಿಯನ್ನೂ ಇಲ್ಲಿ ಇಳಿಸುವಾಗ ತಮ್ಮಿಂದ ಒಂದು ಚೀಟಿಯನ್ನೂ ಪಡೆಯುತ್ತಾರೆ. ಎರಡನ್ನೂ ಜೋಡಿಸಿ ನೋಡಿದ ಯಾರೋ ಅಧಿಕಾರಿಗೆ ವ್ಯಾನು ಅಲ್ಲಿಂದ ಹೊರಡುವ ಮೊದಲೇ ಇಲ್ಲಿ ಬಂದು ಮುಟ್ಟುತ್ತಿದೆ ಎಂದು ತಿಳಿಯಿತು. ಮೊದಲು ಡ್ರೈವರಣ್ಣನಿಗೆ ಚುರುಕುತನಕ್ಕಾಗಿ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದರು. ಆಮೇಲೆ ಯಾರಿಗೋ ಸಂಶಯ ಬಂದು ತಂತ್ರಜ್ಞರೊಬ್ಬರನ್ನು ಕಳಿಸಿದರು. ನನ್ನ ಮಗಳು ತಡವಾಗಿ ಮನೆ ಸೇರಿದಾಗ ಬಾರದವರು, ಕೊಳೆ ಚಾದರ ಬೇಗ ಬಂದಾಗ ಬಂದರು. ನಾನು ದೂರುವುದಿಲ್ಲ, ಬಂದದ್ದೇ ದೊಡ್ಡದು.

ಬಂದವರು ತಮ್ಮ ಟವೆಲ್ ಅಂಗಿಯ ಕೊರಳ ಗುಂಡಿ ಬಿಚ್ಚಿದರು. ಬಿಸಿ ಬೀರುವನ್ನು ತೆರೆದು ಒಳಗೆ ಕೈಯಿಟ್ಟು ನೋಡಿ, ಈ ಸೆಕೆಗೇ ಗಡಿಯಾರ ನಿಧಾನವಾಗಿದೆ ಎಂದರು. ಆಮೇಲೆ ಸ್ಟ್ಯಾಂಡಿನ ಪ್ಲಾಸ್ಟಿಕ್ ಹರಿದರು, ಗಂಜಿ ಮೇಡಂ ಮುಖ ಆಚೆ ತಿರುಗಿಸಿಕೊಂಡರು. ತಮ್ಮನ್ನು ಕೂರಿಸಿ ತಂತಿ ಚುಚ್ಚಿದ ಕೂಡಲೇ ತಾವು ಒಮ್ಮೆ ಕುಯ್ ಎಂದು, ಇಪ್ಪತ್ತು ನಿಮಿಷವನ್ನು ಒಂದೇ ನೆಗೆತಕ್ಕೆ ದಾಟಿದಿರಿ. ನಾವೆಲ್ಲ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನೋಡಿದೆವು. ನನಗೆ ಅಳು ಬಂತು, ಹಬೆಯಲ್ಲಿ ಯಾರಿಗೂ ಕಾಣಲಿಲ್ಲ.

ಆದರೆ ಕಚೇರಿಯವರು ನ್ಯಾಯವಂತರು. ತಾವು ನೆಗೆದು ದಾಟಿದ ಆ ಇಪ್ಪತ್ತು ನಿಮಿಷದಲ್ಲಿ ಯಾರೂ ಒಂದು ಚಾದರವನ್ನೂ ಇಸ್ತ್ರಿ ಮಾಡಿಲ್ಲವೆಂದು ಕಂಡುಹಿಡಿದು, ಅಷ್ಟು ಹೊತ್ತು ಎಲ್ಲರೂ ಸಂಜೆ ಉಳಿದು ಮಾಡಿಕೊಡಬೇಕೆಂದರು. ಹೀಗೆ ತಾವು ಕೆಟ್ಟಿದ್ದ ದಿನಗಳಲ್ಲಿ ಎಷ್ಟು ತಡವಾಗುತ್ತಿತ್ತೋ, ತಾವು ಸರಿಯಾದ ದಿನವೂ ಅಷ್ಟೇ ತಡವಾಯಿತು.

ಅದರ ಮರುದಿನದ ಸಂಜೆಯನ್ನು ತಮಗೆ ವಿವರವಾಗಿ ತಿಳಿಸಬೇಕು, ತಾವು ಆ ಹೊತ್ತಿನಲ್ಲಿ ಒಳಗೆ ಇದ್ದಿರಿ. ನಾನು ಲೋಕದ ಆರು ಗಂಟೆಗೇ ಹೊರಬಂದೆ. ಓಡಬೇಕಾಗಿರಲಿಲ್ಲ, ಆದರೂ ಅಭ್ಯಾಸಬಲದಿಂದ ಅರ್ಧ ದಾರಿ ಓಡಿದೆ. ನಿಲ್ದಾಣದಲ್ಲಿ ನನ್ನ ಗಂಡ ಮಗಳಿಗೆ ಬಸ್ಸುಗಳನ್ನು ತೋರಿಸುತ್ತಾ ನಿಂತಿದ್ದರು. ಇಷ್ಟು ಬೇಗ ಬರುತ್ತಿರುವ ನನ್ನನ್ನು ನೋಡಿ ಅವರ ಮುಖ ಸುಣ್ಣದ ಹಾಗಾಯಿತು. ಮಗುವನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, "ಕೆಲ್ಸದಿಂದ ತೆಗೆದುಬಿಟ್ರಾ?" ಎಂದು ಕೇಳಿದರು.

ಇಲ್ಲ, ಮಿಷನ್ನು ಸರಿಹೋಯಿತು ಎಂದು ಹೇಳಿ ನಂಬಿಸಲು ಆ ಕಾಲು ಗಂಟೆಯ ಸ್ವಲ್ಪ ಭಾಗ ಹೋಯಿತು. ಉಳಿದದ್ದರಲ್ಲಿ ಬೆಂಚಿನ ಮೇಲೆ ಕೂತೆವು. ಎಷ್ಟೊಂದು ಹೇಳುವುದಿತ್ತೋ ಅದರಲ್ಲಿ ಒಂದೂ ಇಬ್ಬರಿಗೂ ನೆನಪಾಗಲಿಲ್ಲ. ಅವರ ಕೈ ನೋಡಿದೆ, ಬೆರಳುಗಳ ಚರ್ಮ ಚಳಿಗೆ ಸೀಳಿತ್ತು. ಅವರು ನನ್ನ ಕೈ ನೋಡಿದರು, ಹಬೆಗೆ ಬೆಂದು ಕೆಂಪಾಗಿತ್ತು. ಮಗಳು ನಮ್ಮಿಬ್ಬರ ನಡುವೆ ಕೂತು ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಇವರಿಬ್ಬರಿಗೂ ಮೊದಲಿನಿಂದ ಪರಿಚಯವಿದೆಯೇ ಎಂಬಂತೆ. ಬಸ್ಸು ಬಂತು. ಅವರು ಹತ್ತಿ, ಕಿಟಕಿಯಿಂದ ಕೈ ಬೀಸಿದರು. ಮಗಳು ಮೊದಲ ಸಲ, ಅವರು ಹೋದ ಮೇಲೆ ಅತ್ತಳು.

ಇದು ಆಗಿ ಈಗ ಕೆಲವು ವಾರಗಳಾದವು. ಸ್ಟ್ಯಾಂಡು ಇಷ್ಟು ಬೆಲೆಬಾಳುವುದೆಂದು ಸಾಬೀತಾದ ಮೇಲೆ ಗಂಜಿ ಮೇಡಂ ಅದನ್ನು ಮೊದಲಿಗಿಂತ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿಗೆ ಬೀಗ ಹಾಕಿದ್ದಾರೆ. ತಾವು ಮರಳಿ ಬಿಸಿ ಬೀರುವಿನ ವಾಸಕ್ಕೆ ಹೋಗಿದ್ದೀರಿ. ನಿನ್ನೆ ನಾನು ಹೊರಬಂದಾಗ ಒಂದೆರಡು ನಿಮಿಷ ಜಾಸ್ತಿಯಾಗಿತ್ತು, ಚಹಾ ಅರ್ಧಕ್ಕೇ ಬಿಟ್ಟೆವು. ಮೇಸ್ತ್ರಿ ಹೇಳಿದ 'ಇನ್ನೊಂದು ಸಲ' ಎಂಬುದು ಹಾಗೆಯೇ ಬಾಕಿ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ತಾವು ಸ್ಟ್ಯಾಂಡಿಗೆ ಹೋಗಲಾಗದಿದ್ದರೆ, ಹೊರಗಿನ ಲೋಕವೆಲ್ಲ ತಮ್ಮೊಡನೆ ಹಿಂದೆ ಬೀಳುವಂತೆ ದಯಮಾಡಿ ಏರ್ಪಾಡು ಮಾಡಬೇಕು. ಬಸ್ಸುಗಳಿಗೂ ಗೋದಾಮಿನ ಸೈರನ್ನಿಗೂ ಒಂದೊಂದು ಟವೆಲ್ ಅಂಗಿ ಹೊಲಿದುಕೊಡಲು ನಾವು ಸಿದ್ಧರಿದ್ದೇವೆ. ಅದು ಕಷ್ಟವೆನಿಸಿದರೆ, ಬೆಳಿಗ್ಗೆ ಬಾಗಿಲ ಮುಂದೆ ನಾವು ನಿಲ್ಲುವ ಹೊತ್ತನ್ನು ತಮ್ಮ ಹೊಟ್ಟೆಯಲ್ಲಿ ಜೋಪಾನವಾಗಿಟ್ಟು ಸಂಜೆ ಮರಳಿ ಕೊಡಬೇಕು, ಬಡ್ಡಿ ಬೇಡ. ಇದೂ ಆಗದಿದ್ದರೆ ನನ್ನ ಮಗಳಿಗೆ ಎರಡೇ ವರ್ಷವಾದ್ದರಿಂದ ಅವಳು ಬೆಳೆಯುವುದನ್ನಾದರೂ ತಮ್ಮ ವೇಗಕ್ಕೆ ತಗ್ಗಿಸಿ. ಅವಳ ಅಪ್ಪ ನೋಡಲು ಇನ್ನೂ ಬಹಳಷ್ಟು ಬಾಕಿ ಇದೆ.

ಉಳಿದಂತೆ ತಮ್ಮ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ನಾಳೆ ಬೆಳಿಗ್ಗೆ ಎಂದಿನಂತೆ ಹೆಬ್ಬೆರಳಿನೊಂದಿಗೆ ಹಾಜರಾಗುತ್ತೇನೆ.

ತಮಗೆ ಬೆಳಗಾಗುವುದನ್ನು ಬಾಗಿಲಲ್ಲಿ ನಿಂತು ಕಾಯುವ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮೇಜಿನವಳು

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕಿದರು. ಪತ್ರಕ್ಕೆ ದಿನಾಂಕ ಹಾಕೋಣವೆಂದು ತಮ್ಮ ಪರದೆ ನೋಡಿದರೆ, ತಾವು ಹಲವು ವರ್ಷ ಹಿಂದಿನ ಒಂದು ತಾರೀಖಿಗೆ ಹೋಗಿ ನಿಂತಿದ್ದೀರಿ. ಗಂಜಿ ಮೇಡಂ ಅದನ್ನೇ ಬರೆದುಕೋ ಎಂದರು. ಆ ತಾರೀಖಿನ ಪ್ರಕಾರ ನನಗಿನ್ನೂ ಮದುವೆಯಾಗಿಲ್ಲ, ಮಗಳು ಹುಟ್ಟಿಲ್ಲ, ಸಂಜೆ ಬೆಂಚಿನ ಮೇಲೆ ನನಗಾಗಿ ಯಾರೂ ಕಾಯುತ್ತಿಲ್ಲ. ಆದಕಾರಣ ಈ ದೂರನ್ನು ತಾವು ಈಗಲೇ ವಿಚಾರಿಸಬೇಕಾಗಿಲ್ಲ. ಅವರೆಲ್ಲ ತಮ್ಮ ಲೆಕ್ಕಕ್ಕೆ ಬಂದ ಮೇಲೆ ವಿಚಾರಿಸಿದರೆ ಸಾಕು. ಅಲ್ಲಿಯವರೆಗೆ ಅವರು ನಿಲ್ದಾಣದಲ್ಲಿ ನಿಂತಿರುತ್ತಾರೆ.